ತೆರಿಗೆ ಏರಿಸುತ್ತೇನೆ ಎಂದವಳ ಮೈಕು

ನಾನೊಂದು ಲೌಡ್‌ಸ್ಪೀಕರ್, ಊರವರ ಬಾಯಲ್ಲಿ ಬರೀ ಮೈಕು. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಅಲ್ಯುಮಿನಿಯಂ ತಗಡನ್ನು ಸುತ್ತಿ ಬಡಿದು ನನಗೆ ಈ ಅಗಲ ಬಾಯಿ ಕೊಟ್ಟರು. ಮೊದಲ ಯಜಮಾನ ಬಸಲಿಂಗಪ್ಪನ ಕೈಯಲ್ಲಿದ್ದಾಗ ಮದುವೆಗಳಲ್ಲಿ, ಬಸುರಿಯರ ಕುಬಸಗಳಲ್ಲಿ ಹಾಡಿದೆ. ಅವನಿಗೆ ಕಿವಿ ಮಂದವಾದ ಮೇಲೆ ಆಟೋ ಓಡಿಸುವ ಮೌಲಾಲಿಯ ಪಾಲಾದೆ.

ಮೌಲಾಲಿ ಎಲ್ಲ ಪಕ್ಷದವರಿಗೂ ಪ್ರಚಾರಕ್ಕೆ ಹೋಗುತ್ತಿದ್ದ, ಒಬ್ಬರನ್ನೂ ನಂಬುತ್ತಿರಲಿಲ್ಲ. ಪುರಸಭೆ ಚುನಾವಣೆಗೆ ಹಿಟ್ಟಿನ ಗಿರಣಿಯ ಫಕೀರವ್ವ ಬಾರಕೇರ ನಿಂತಾಗ ಅವನ ಸಂಶಯ ಇನ್ನೂ ಹೆಚ್ಚಿತು. ಅವಳ ಮಾತೇ ಹಾಗಿತ್ತು. ಪೇಟೆಯ ದೊಡ್ಡ ಕಟ್ಟಡಗಳ ತೆರಿಗೆ ಏರಿಸುತ್ತೇನೆ, ಮನೆಗಳಿಗೂ ಚೂರು ಏರುತ್ತದೆ ಎಂದಳು. ತಳ್ಳುಗಾಡಿಯವರಿಂದ ದಿನದ ಸುಂಕ ಎತ್ತುವುದನ್ನು ನಿಲ್ಲಿಸಿ, ಓಣಿಯ ಸರ್ಕಾರಿ ಶಾಲೆಗೆ ಶೌಚಾಲಯ ಕಟ್ಟಿಸುತ್ತೇನೆ, ಹುಡುಗಿಯರು ಮಧ್ಯಾಹ್ನಕ್ಕೇ ಮನೆಗೆ ಓಡುವುದು ತಪ್ಪಲಿ ಎಂದಳು.

ಓಟು ಕೇಳುವವರು ಎಲ್ಲಾದರೂ ತೆರಿಗೆ ಏರಿಸುವ ಮಾತಾಡುತ್ತಾರೆಯೇ? ಓಟು ಒಡೆಯಲು ಇವಳನ್ನು ಯಾರೋ ನಿಲ್ಲಿಸಿದ್ದಾರೆ ಎಂದು ಚಹಾದಂಗಡಿಯವರು ತೀರ್ಮಾನಿಸಿದರು. ಮೌಲಾಲಿಗೂ ಹಾಗೇ ಅನಿಸಿತ್ತು. ಆದರೆ ಅವನ ಮಗಳು ಅದೇ ಶಾಲೆಯವಳು. ಹಾಗಾಗಿ ಅವಳ ಪ್ರಚಾರಕ್ಕೆ ಓಣಿ ಸುತ್ತುವಾಗ ಶಾಲೆಯದನ್ನೂ ಗಾಡಿಯವರದನ್ನೂ ನನ್ನಿಂದ ಜೋರಾಗಿ ಕೂಗಿಸಿ, ತೆರಿಗೆಯದನ್ನು ನುಂಗಿಬಿಟ್ಟ.

ಫಕೀರವ್ವ ಗಿರಣಿಯಲ್ಲಿದ್ದುಕೊಂಡೇ ಕೇಳಿಸಿಕೊಂಡಿದ್ದಳು. ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದು ಆಟೋಕ್ಕೆ ಅಡ್ಡ ನಿಂತಳು.

“ತೆರಿಗಿದು ಯಾಕ ಬಿಟ್ಟಿ?”

“ಅದನ್ನ ಹೇಳಿದ್ರ ಓಟು ಬೀಳಂಗಿಲ್ಲಕ್ಕಾ,” ಎಂದ ಮೌಲಾಲಿ.

“ಈಗ ಹೇಳಿದ್ರ ಹುಚ್ಚಿ ಅಂತಾರ. ಮುಚ್ಚಿಟ್ಟು ಆಮ್ಯಾಲ ಏರಿಸಿದ್ರ ಕಳ್ಳಿ ಅಂತಾರ. ಕಳ್ಳಿಗಿಂತ ಹುಚ್ಚಿ ಅನ್ನಿಸ್ಕೊಳ್ಳೋದ ಪಾಡ, ತಮ್ಮಾ.”

ಆಟೋ ಹತ್ತಿ ಕೂತು ತೆರಿಗೆಯ ಮಾತನ್ನೇ ಮೊದಲು ಹೇಳಿದಳು. ಅವಳ ದನಿ ನನ್ನ ಬಾಯಿಂದ ಹೊರಟಂತೆ ಎರಡೂ ಬದಿಯ ಕಿಟಕಿಗಳು ಮುಚ್ಚಿಕೊಂಡವು.

ಸೋತಳು, ಅದೂ ಹೀನಾಯವಾಗಿ. ಏನನ್ನೂ ಏರಿಸುವುದಿಲ್ಲ ಎಂದು ಗೆದ್ದವನು ಮಾತಿಗೆ ತಪ್ಪಲಿಲ್ಲ. ತೆರಿಗೆ ಏರಲಿಲ್ಲ, ಶಾಲೆಯಲ್ಲಿ ಒಂದು ಗೋಡೆಯೂ ಏರಲಿಲ್ಲ.

ಮರುವರ್ಷ ಬೇವಿನ ಕೊಂಬೆ ತಾಗಿ ಕೆಳಗೆ ಬಿದ್ದೆ, ಬಾಯಿ ಸೀಳಿತು. ಮೌಲಾಲಿ ಹೊಸ ಸ್ಪೀಕರ್ ತಂದು ನನ್ನನ್ನು ಶಾಲೆಗೆ ಕೊಟ್ಟ. ವರಾಂಡದ ಮೊಳೆಗೆ ನೇತುಬಿದ್ದು ಬೆಳಗಿನ ಪ್ರಾರ್ಥನೆಗೆ ಗೊರಗೊರ ಅನ್ನುವುದಷ್ಟೇ ಈಗ ನನ್ನ ಪಾಲಿಗೆ.

ಒಂದು ಭಾನುವಾರ ಫಕೀರವ್ವ ಶೌಚಾಲಯ ಕಟ್ಟಿಸಲು ಗಾರೆಯವನನ್ನು ಕರೆದುಕೊಂಡು ಬಂದಳು. ಮನೆಮನೆ ತಿರುಗಿ ಇಟ್ಟಿಗೆ, ಮರಳು, ತಗಡು ಬೇಡಿ ತಂದಿದ್ದಳು. ಕೊಟ್ಟವರೂ ಹುಬ್ಬು ಗಂಟಿಕ್ಕಿಕೊಂಡೇ ಕೊಟ್ಟಿದ್ದರಂತೆ. ಸಿಮೆಂಟ್ ಇಳಿಸಿ ಹೋಗಲು ಬಂದಿದ್ದ ಮೌಲಾಲಿ ಹೋಗದೆ ಇಟ್ಟಿಗೆ ಎತ್ತಿಕೊಡತೊಡಗಿದ. ಕಾಂಪೌಂಡಿನಾಚೆಯಿಂದ ಒಬ್ಬ ಅವನನ್ನು ಕರೆದು, ಇದೆಲ್ಲ ಮುಂದಿನ ಚುನಾವಣೆಗೇ ತಾನೆ ಎಂದು ಪಿಸುಗುಟ್ಟಿದ.

ಮೌಲಾಲಿ ಫಕೀರವ್ವನತ್ತ ಒಮ್ಮೆ ನೋಡಿದ. ಸಂಶಯ ಅವನ ಕಣ್ಣಿನಿಂದಲೂ ಪೂರ್ತಿ ಹೋಗಿರಲಿಲ್ಲ.

“ಇದ್ರೂ ಇರಬೇಕು. ಗ್ವಾಡಿ ಅಂತೂ ಏಳಾಕತ್ತೈತಿ,” ಎಂದು ಮತ್ತೊಂದು ಇಟ್ಟಿಗೆಗೆ ಕೈ ಹಾಕಿದ.

ಪರರ ಮಾತನ್ನು ದೊಡ್ಡದು ಮಾಡುತ್ತಲೇ ಮುದಿಯಾದವನು ನಾನು. ಆ ದಿನವಿಡೀ ಅಲ್ಲಿ ಯಾರಿಗೂ ನಾನು ಬೇಕಾಗಲಿಲ್ಲ. ಬೇಸರವೇನೂ ಆಗಲಿಲ್ಲ.