ಬೇಕಂತಲೇ ಬರೆದ ತಪ್ಪು

ಬೆಳಗ್ಗೆಯಿಂದ ಸಂಖ್ಯಾಶಾಸ್ತ್ರದ ಮೇಡಂ ಫೋನನ್ನು ಒಂದು ಗಳಿಗೆಯಾದರೂ ಕೆಳಗಿಟ್ಟಿದ್ದರೆ ಕೇಳಿ. ವಿಡಿಯೋ ಪಾಠವನ್ನು ಐವತ್ತೆಂಟು ಮಂದಿ ನೋಡಿದ್ದಾರೆ ಎನ್ನುತ್ತಿತ್ತು ಪರದೆ. ಕೆಳಗೆ ಪ್ರಶ್ನೆ ಕೇಳಲೆಂದು ಬಿಟ್ಟಿದ್ದ ಜಾಗ ಮಾತ್ರ ಮೂರು ದಿನದಿಂದ ಬಣಗುಟ್ಟುತ್ತಿತ್ತು.

“ಒಲೆ ಮೇಲಿನ ಹಾಲನ್ನ ನೀನು ಹೀಗೆ ನೋಡ್ಕೊಂಡಿದ್ರೆ ಈ ಮನೇಲಿ ಒಂದು ದಿನವೂ ಉಕ್ತಿರಲಿಲ್ಲ,” ಎಂದರು ಗಂಡ.

ಮೇಡಂಗೆ ನಗು ಬರಲಿಲ್ಲ. ಅರ್ಧ ಪಾಠ ಆನ್‌ಲೈನ್‌ನಲ್ಲಿ, ಅರ್ಧ ತರಗತಿಯಲ್ಲಿ ಎಂದು ಕಾಲೇಜು ಈ ವರ್ಷ ಹುಕುಂ ಹೊರಡಿಸಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಪ್ರಿನ್ಸಿಪಾಲರದ್ದು ಅದೇ ಉತ್ಸಾಹ. ಹೊಸ ಪಾಠ ಅವರಿಗೆ ಒಪ್ಪಿಗೆಯಾಗದಿದ್ದರೆ ಹೊರಗಿನಿಂದ ಸಿದ್ಧ ವಿಡಿಯೋ ತರಿಸುತ್ತಾರೆ. ಇಪ್ಪತ್ತೆರಡು ವರ್ಷ ಮೇಡಂ ಸಾಕಿ ಸಲಹಿದ ಪಾಠ ಪರರ ಪಾಲು.

ಆ ಪಾಠದಲ್ಲಿ ಅವರದೊಂದು ಪದ್ಧತಿ ಇತ್ತು. ದಿನಕ್ಕೊಂದು ತಪ್ಪನ್ನು ಬೇಕಂತಲೇ ಬೋರ್ಡಿನ ಮೇಲೆ ಬರೆದು ಹುಡುಗರ ಕಡೆ ತಿರುಗಿ ನಿಲ್ಲುವುದು. “ಮೇಡಂ, ತಪ್ಪು!” ಎಂದು ಹುಡುಗರು ಕೂಗಿದರೆ ಅವರಿಗೆ ಅದೇ ಸ್ವರ್ಗ. ವಿಡಿಯೋದಲ್ಲೂ ಅದನ್ನೇ ಮಾಡಿದ್ದರು. ಒಂಬತ್ತು, ನಾಲ್ಕು, ಏಳು, ಎರಡು, ಐದು ಎಂದು ಬರೆದು, ಏರಿಕೆಯ ಕ್ರಮದಲ್ಲಿ ಜೋಡಿಸದೆಯೇ ನಡುವಿನ ಏಳನ್ನು ಮಧ್ಯಾಂಕ ಎಂದುಬಿಟ್ಟಿದ್ದರು. ಜೋಡಿಸಿದ್ದರೆ ನಡುವೆ ಬರುವುದು ಐದು. ಹುಡುಗರು ಮನೆಯಲ್ಲಿ ತಪ್ಪು ಹಿಡಿಯಬೇಕು, ತರಗತಿಗೆ ಬಂದು ಜಗಳ ಆಡಬೇಕು. ಲೆಕ್ಕಾಚಾರ ಚೆನ್ನಾಗಿಯೇ ಇತ್ತು.

ಹಿಡಿದದ್ದು ಪ್ರಿನ್ಸಿಪಾಲರು ಒಬ್ಬರೇ. ಮೇಡಂ ಕಾಲೇಜಿಗೆ ಬಂದೊಡನೆ ಕೇಳಿದರು, “ಇಂಥ ತಪ್ಪಾ ಮೇಡಂ? ವಿಡಿಯೋ ತೆಗೆದುಬಿಡಿ.”

“ಇವತ್ತಿನ ಕ್ಲಾಸ್ ಒಂದು ಮುಗೀಲಿ ಸರ್. ನೀವೂ ಬನ್ನಿ.”

ಪ್ರಿನ್ಸಿಪಾಲರು ಬಂದು ಕಡೆಯ ಬೆಂಚಿನಲ್ಲಿ ಕೂತರು. ಮೇಡಂ ಬಾಗಿಲಿಗೂ ಕಿಟಕಿಗೂ ನಡೆದದ್ದೇ ನಡೆದದ್ದು. “ವಿಡಿಯೋದಲ್ಲಿ ಏನಾದ್ರೂ ಕಾಣಿಸ್ತಾ?”

ಹುಡುಗರು ಪುಸ್ತಕ ತೆರೆದು ಮುಂದಿನ ಪಾಠಕ್ಕೆ ಕಾದರು. ಮೇಡಂ ಬೆಂಚಿನ ಸಾಲುಗಳಲ್ಲಿ ಓಡಾಡಿ ನೋಟ್‌ಬುಕ್ ನೋಡಿದರು. ಏಳು. ಪಕ್ಕದಲ್ಲೂ ಏಳು. ಕೆಲವರು ಅದಕ್ಕೆ ಕೆಂಪು ಶಾಯಿಯಲ್ಲಿ ಚೌಕ ಬೇರೆ ಹಾಕಿದ್ದರು.

“ದಿನಾ ಹಿಡೀತಿದ್ರಲ್ಲೋ! ಈಗ ಏನಾಯ್ತು?”

ಮುಂದಿನ ಬೆಂಚಿನ ಹುಡುಗಿ, ಎಲ್ಲರೂ ಮೌನಿ ಎಂದು ಕರೆಯುತ್ತಿದ್ದವಳು, ಎದ್ದು ನಿಂತಳು. “ವಿಡಿಯೋದಲ್ಲಿ ಬರೀ ನಿಮ್ಮ ಕೈ ಕಾಣ್ತಿತ್ತು ಮೇಡಂ.”

“ಅದಕ್ಕೆ?”

“ತಪ್ಪು ಬರೆದು ತಿರುಗಿದಾಗ ನಿಮ್ಮ ಎಡಗಡೆ ಹುಬ್ಬು ಮೇಲೆ ಹೋಗತ್ತೆ. ಹುಬ್ಬು ಎದ್ರೆ ಕೂಗಿ ಅಂತ ಸೀನಿಯರ್ಸ್ ಹೇಳ್ಕೊಟ್ಟಿದ್ರು.”

ತರಗತಿ ಗೊಳ್ಳೆಂದಿತು. ಮೇಡಂ ತಮ್ಮ ಎಡ ಹುಬ್ಬನ್ನು ಮುಟ್ಟಿ ನೋಡಿಕೊಂಡರು. ಇಪ್ಪತ್ತೆರಡು ವರ್ಷ! ಎಷ್ಟು ಬ್ಯಾಚು, ಎಷ್ಟು ಕೂಗು, ಎಷ್ಟು ಹೆಮ್ಮೆ. ಹುಡುಗರು ಓದಿದ್ದು ಬೋರ್ಡನ್ನಲ್ಲ, ಅವರ ಮುಖವನ್ನು.

ಪ್ರಿನ್ಸಿಪಾಲರು ಎದ್ದರು. “ಹಾಗಾದ್ರೆ ವಿಡಿಯೋ ಬದಲಾಯಿಸೋಣ ಅಲ್ವಾ ಮೇಡಂ?”

“ವಿಡಿಯೋ ಇರ್ಲಿ ಸರ್. ಇವರಿಗೆ ಪಾಠ ಬಂದಿಲ್ಲ ಅಂತ ನನಗೆ ಹೇಳಿದ್ದು ಅದೊಂದೇ. ಬದಲಾಗ್ಬೇಕಾದ್ದು ಕ್ಲಾಸು.”

ಮೇಡಂ ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಮೇಲೆ ಹೊಸ ಐದು ಅಂಕಿ ಬರೆದರು, ನಡುವಿನದಕ್ಕೆ ಸುತ್ತು ಹಾಕಿದರು. ಆದರೆ ಈ ಸಲ ತಿರುಗಲಿಲ್ಲ. ಗೋಡೆಗೆ ಮುಖ ಮಾಡಿ ನಿಂತರು.

ಒಂದು ನಿಮಿಷ ಕಳೆಯಿತು. ಎರಡಾಯಿತು. ಹಿಂದೆ ಬೆಂಚು ಕಿರುಗುಟ್ಟಿತು, ಪ್ರಿನ್ಸಿಪಾಲರು ಗಂಟಲು ಸರಿ ಮಾಡಿಕೊಂಡರು.

“ನೀವು ಸುಮ್ನಿರಿ ಸರ್,” ಎಂದರು ಮೇಡಂ, ತಿರುಗದೆ.

ಹಾಳೆ ಮಗುಚಿದ ಸದ್ದು. ಪೆನ್ಸಿಲ್ ಗೀಚಿದ ಸದ್ದು. ಆಮೇಲೆ ಮುಂದಿನ ಬೆಂಚಿನಿಂದ, ಅಷ್ಟೇನೂ ಧೈರ್ಯವಿಲ್ಲದ ಒಂದು ದನಿ:

“ಮೇಡಂ... ನೀವು ಜೋಡಿಸೇ ಇಲ್ಲ.”

ಮೇಡಂ ಆಗಲೂ ತಿರುಗಲಿಲ್ಲ. ಕಣ್ಣು ತುಂಬಿತ್ತು, ಅದನ್ನು ಓದುವ ಅವಕಾಶ ಹುಡುಗರಿಗೆ ಕೊಡುವಂತಿರಲಿಲ್ಲ.