ನಾಲ್ಕು ನಿಮಿಷದ ದಾರಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ನಾಲ್ಕೇ ನಿಮಿಷ! ಈ ಮಾತನ್ನು ಧನಲಕ್ಷ್ಮಿ ಮೂರು ವಾರದಲ್ಲಿ ಎಷ್ಟು ಜನರ ಮುಂದೆ ಹೇಳಿದ್ದಳೋ ಅವಳಿಗೇ ನೆನಪಿರಲಿಲ್ಲ. ಕಂಬಗಳ ಮೇಲೆ ಊರಿಂದೂರಿಗೆ ಒಂದು ದೊಡ್ಡ ಕೊಳವೆ. ಅದರೊಳಗಿನ ಗಾಳಿಯನ್ನೆಲ್ಲ ಹೊರಗೆಳೆದಿರುತ್ತಾರೆ. ಗಾಲಿಯಿಲ್ಲದ ಡಬ್ಬಿಯೊಂದು ಅಯಸ್ಕಾಂತದ ಬಲದಲ್ಲಿ ತೇಲಿಕೊಂಡು ಹೋಗುತ್ತದೆ. ಇಂಥದ್ದು ಇಲ್ಲಿ ಆಗುವ ಮಾತೇ, ಆದರೂ ಯಾರಾದರೂ ಹತ್ತುತ್ತಾರೆಯೇ ಎಂದು ತಿಳಿಯಲು ಒಂದು ಕಂಪನಿ ಸರ್ವೆ ಮಾಡಿಸುತ್ತಿತ್ತು. ತಾನು ಗುಮಾಸ್ತೆಯಾಗಿದ್ದ ಶಾಲೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದ ಧನಲಕ್ಷ್ಮಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಕೊರಳಿಗೊಂದು ಗುರುತಿನ ಚೀಟಿ, ಕೈಗೊಂದು ಟ್ಯಾಬ್ ಬಂತು. ಎರಡೂರಿನ ನಡುವೆ ದಿನಕ್ಕೆ ಮೂರು ಸಲ ಬಸ್ಸಿನಲ್ಲಿ ಹೋಗಿಬಂದು ಪ್ರಯಾಣಿಕರನ್ನು ಪ್ರಶ್ನೆ ಕೇಳುವುದು ಕೆಲಸ.

ಜನ ಬಿಡುತ್ತಾರೆಯೇ? "ನಾಕು ನಿಮಿಷಕ್ಕೆ ಹೋಗಿ ಅಲ್ಲೇನ್ ಮಾಡ್ಲಿ? ನನ್ ಅಂಗಡಿ ತೆಗಿಯೋದೇ ಹತ್ತು ಗಂಟೆಗೆ" ಎಂದ ಪಾತ್ರೆ ವ್ಯಾಪಾರಿ ಉಜ್ಜನಪ್ಪ. ಸೊಪ್ಪು ಮಾರುವ ಜಲಜಮ್ಮನಂತೂ ಬುಟ್ಟಿ ಕಾಲ ಬಳಿ ಎಳೆದುಕೊಂಡು ನಕ್ಕೇಬಿಟ್ಟಳು. "ಆಧಾರ್ ತೋರಿಸಿದ್ರೆ ಬಸ್ಸೇ ಫ್ರೀ. ಆ ಪೈಪಿನೊಳಗೆ ಹೋಗಿ ಯಾಕೆ ಸಾಯ್ಲಿ ಮಾರಾಯ್ತಿ?"

ಕೇಳಿ ಬರೆದುಕೊಂಡು ಸುಮ್ಮನಿರಬೇಕಾದವಳು ಧನಲಕ್ಷ್ಮಿ. ಸುಮ್ಮನಿರುತ್ತಿರಲಿಲ್ಲ. ವಾದಕ್ಕೇ ಇಳಿದುಬಿಡುತ್ತಿದ್ದಳು. "ಅಲ್ರೀ, ದೂರ ಕಮ್ಮಿಯಾದ್ರೆ ಜನ ಜನರ ಮನೆಗೆ ಹೋಗಿ ಬರ್ತಾರೆ, ಅದು ಗೊತ್ತಾಗಲ್ವಾ ನಿಮಗೆ?" ಎಂದು ಅವರ ತಲೆ ತಿಂದು, ಕೊನೆಗೆ ಅವರು ಪೀಡೆ ತೊಲಗಲಿ ಎಂದು "ಆಯ್ತು, ಹತ್ತುತೀನಿ, ಬರ್ಕೊಳಮ್ಮ" ಎನ್ನುವವರೆಗೆ ಬಿಡುತ್ತಿರಲಿಲ್ಲ.

ಸರ್ವೆ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಮೊಹ್ಸಿನ್ ಒಂದು ದಿನ ಕರೆದು ಕೇಳಿದ. "ಮೇಡಂ, ನಿಮ್ ಫಾರಮ್ಮಲ್ಲಿ ಒಬ್ರೂ ಬೇಡ ಅಂದಿಲ್ವಲ್ಲ? ಇರೋದೇ ಹದಿನೆಂಟು ಕಿಲೋಮೀಟರ್. ಡಬ್ಬಿ ಪೂರ್ತಿ ವೇಗ ಹಿಡಿಯೋಷ್ಟರಲ್ಲಿ ಬ್ರೇಕ್ ಹಾಕೋ ಹೊತ್ತು ಬಂದಿರುತ್ತೆ. ಅಂಥದ್ದಕ್ಕೆ ಸಾವಿರಾರು ಜನ ದಿನಾ ಹತ್ತಬೇಕು. ನಿಮಗೆ ಬೇಕಾದ ಉತ್ತರ ಬೇಡ, ಅವರು ಕೊಟ್ಟ ಉತ್ತರ ತನ್ನಿ."

ಬೈಸಿಕೊಂಡರೂ ಅವಳಿಗೆ ಬುದ್ಧಿ ಬರಲಿಲ್ಲ. ಅವಳಿಗೆ ಆ ಕೊಳವೆ ಬೇಕಾಗಿತ್ತು. ಯಾಕೆಂದರೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಅವಳ ತಂಗಿ ಜಯಾ ಇದ್ದಳು, ಮತ್ತು ಜಯಾ ನಾಲ್ಕು ವರ್ಷದಿಂದ ಅಕ್ಕನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅದಕ್ಕೊಂದು ಕಾರಣವೂ ಇತ್ತು, ಮುಚ್ಚಿಡುವುದೇನು. ತಾಯಿ ಮಹಾಂತಮ್ಮ ಹಾಸಿಗೆ ಹಿಡಿದ ಎರಡು ವರ್ಷ ಮದುವೆಯಾಗದೆ ಉಳಿದ ಧನಲಕ್ಷ್ಮಿಯೇ ಹೇಲು ಉಚ್ಚೆ ಬಾಚಿದ್ದಳು. ತಾಯಿ ಹೋದ ಮೇಲೆ, ಗಣಾರಾಧನೆಯ ದಿನ, ಊಟಕ್ಕೆ ಕೂತ ಬಂಧುಬಳಗದ ಎದುರಿಗೇ ತಂಗಿಗೆ ಅಂದಳು: "ನೆಂಟರ ಹಾಗೆ ಬಂದು ಹೋದವಳು ನೀನು, ನೆಂಟರ ಪಂಕ್ತೀಲೇ ಕೂತ್ಕೋ." ಜಯಾ ಎಲೆ ಬಿಟ್ಟು ಎದ್ದಳು. ಆಮೇಲೂ ಫೋನು ನಿಂತಿರಲಿಲ್ಲ. ಧನಲಕ್ಷ್ಮಿ ಫೋನ್ ಮಾಡಿದಾಗಲೆಲ್ಲ "ಯಾವಾಗ್ ಬರ್ತೀಯ?" ಎನ್ನುವಳು. "ಬಸ್ಸಲ್ಲೇ ಅರ್ಧ ದಿನ ಹೋಗುತ್ತಲ್ಲ ಅಕ್ಕ, ಟೈಮೇ ಆಗಲ್ಲ" ಎನ್ನುವಳು ಜಯಾ. ಧನಲಕ್ಷ್ಮಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ತಂಗಿ ಬರದಿರುವುದು ತನ್ನ ಮಾತಿನಿಂದಲ್ಲ, ದಾರಿಯಿಂದ. ಹಾಗಂದುಕೊಂಡರೇ ಭದ್ರಾವತಿ ನ್ಯೂಟೌನಿನ ಆ ಮನೆಯಲ್ಲಿ ಒಬ್ಬಳೇ ಕೂತು ಉಣ್ಣಲು ಆಗುತ್ತಿತ್ತು. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದ ಮನೆ ಅದು.

ಸರ್ವೆಯ ಕೊನೆಯ ವಾರ, ಗುರುವಾರ ಸಂಜೆ, ಅವಳೊಂದು ಕಿತಾಪತಿ ಮಾಡಿದಳು. ನಮ್ಮಲ್ಲಿ ರೇಷನ್ ಕಾರ್ಡಿನಿಂದ ಜನಗಣತಿಯವರೆಗೆ ಮನೆಯವರೆಲ್ಲರ ಉತ್ತರವನ್ನು ಬಾಗಿಲಿಗೆ ಬಂದ ಒಬ್ಬರೇ ಹೇಳಿಬಿಡುತ್ತಾರೆ. ಮಿಕ್ಕವರನ್ನು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಧನಲಕ್ಷ್ಮಿಗೂ ತೋಚಲಿಲ್ಲ. ನನ್ನ ತಂಗಿಯಲ್ಲವೇ, ಅವಳ ಪರವಾಗಿ ನಾನು ಬರೆದರೇನು ಎಂದುಕೊಂಡು ಹೊಸ ಫಾರಂ ತೆರೆದು ಜಯಾಳ ಹೆಸರು ಹಾಕಿದಳು. ಕೊಳವೆ ಬಂದರೆ ವಾರಕ್ಕೆ ಎರಡು ಸಲ ಅಕ್ಕನ ಮನೆಗೆ ಬರುತ್ತೇನೆ ಎಂದು ಬರೆಯಬೇಕು ಎಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದಳು. ಫೋನ್ ನಂಬರು ಒತ್ತಿದಳು.

ಈ ನಂಬರಿನವರ ಉತ್ತರ ಈಗಾಗಲೇ ದಾಖಲಾಗಿದೆ ಎಂದಿತು ಟ್ಯಾಬು.

ಮಧ್ಯಾಹ್ನದ ಬಸ್ಸುಗಳನ್ನು ನೋಡಿಕೊಳ್ಳುವ ಶೀತಲ್ ಎಂಬ ಹುಡುಗಿ ಹತ್ತು ದಿನದ ಹಿಂದೆ ತುಂಬಿಸಿದ ಫಾರಂ. ಬೇರೆಯವರದ್ದನ್ನು ತೆರೆದು ನೋಡಬಾರದು. ನೋಡಿದಳು. ಭದ್ರಾವತಿಗೆ ಪ್ರಯಾಣ: ವಾರಕ್ಕೆ ಮೂರು ಸಲ, ಸೋಮ, ಬುಧ, ಶುಕ್ರ, ಮಧ್ಯಾಹ್ನ ಎರಡರ ಬಸ್ಸು. ಎಷ್ಟು ಕಾಲದಿಂದ: ಎರಡು ವರ್ಷ. ಇಳಿಯುವ ಜಾಗ: ನ್ಯೂಟೌನ್. ಉದ್ದೇಶ: ಹೊಲಿಗೆ ಕ್ಲಾಸಿನಲ್ಲಿ ಪಾಠ. ನಾಲ್ಕು ನಿಮಿಷದ ಸೌಕರ್ಯ ಬಂದರೆ ಬಳಸುವಿರಾ: ಇಲ್ಲ. ಕಾರಣ: ಬಸ್ಸಿನಲ್ಲಿ ಕೂರುವ ಮುಕ್ಕಾಲು ಗಂಟೆ ಮಾತ್ರ ನನ್ನದು, ಅದನ್ನೂ ಕಿತ್ತುಕೊಳ್ಳಬೇಡಿ.

ಹೊಲಿಗೆ ಕ್ಲಾಸು ಧನಲಕ್ಷ್ಮಿಯ ಮನೆಯಿಂದ ಎರಡು ರಸ್ತೆ ಆಚೆ. ಎರಡು ವರ್ಷ! ತಾನು ಮಧ್ಯಾಹ್ನ ಒಬ್ಬಳೇ ಉಂಡು ಪಾತ್ರೆ ತೊಳೆಯುವ ಹೊತ್ತಿಗೆ ತಂಗಿ ಬಸ್ಸಿಳಿದು ಹೋಗುತ್ತಿದ್ದಳು. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಮರುದಿನ ಶುಕ್ರವಾರ. ಮಧ್ಯಾಹ್ನ ನ್ಯೂಟೌನ್ ಸ್ಟಾಪಿನಲ್ಲಿ ನಿಂತಳು. ಬಸ್ಸು ಬಂತು, ಜಯಾ ಇಳಿದಳು. ಸಣ್ಣಗಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅಕ್ಕನನ್ನು ಕಂಡವಳೇ ಗಕ್ಕನೆ ನಿಂತಳು.

"ಅಕ್ಕಾ! ಇವತ್ತು ಏನೋ ಕೆಲ್ಸ ಇತ್ತು, ಹಾಗೇ ನಿನ್ ಮನೆಗೂ..."

"ಬೇಡ ಕಣೆ, ನನಗೆ ಗೊತ್ತು. ಸೋಮ, ಬುಧ, ಶುಕ್ರ. ಸರ್ವೆ ಹುಡುಗಿಗೆ ನೀನೇ ಹೇಳಿದ್ದನ್ನ ಓದಿದೆ."

ರಾತ್ರಿಯಿಡೀ ಕಲಿತು ಬಂದದ್ದನ್ನು ಧನಲಕ್ಷ್ಮಿ ಒಂದೇ ಉಸಿರಿಗೆ ಹೇಳಿದಳು. "ಅಮ್ಮನ ಗಣಾರಾಧನೆ ದಿನ ಅಷ್ಟು ಜನದ ಎದುರಿಗೆ ಅಂದೆನಲ್ಲ, ತಪ್ಪಾಯ್ತು ಜಯಾ. ನನ್ ನಾಲಿಗೆ ನನ್ ಹಿಡಿತದಲ್ಲಿರಲಿಲ್ಲ. ಅದಕ್ಕೇ ನೀನು ಬರ್ತಿಲ್ಲ, ಅಲ್ವಾ?"

"ಆ ಮಾತನ್ನ ಆಗ್ಲೇ ನುಂಗಿಕೊಂಡೆ ಅಕ್ಕ. ನೀನು ಸುಸ್ತಾಗಿದ್ದೆ, ಅಂದೆ. ಅದಲ್ಲ." ಜಯಾ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡಳು. "ಆಮೇಲೆ ನೀನು ಬಂದು ಕರೀತೀಯ ಅಂತ ಕಾದೆ. ಒಂದು ವರ್ಷ ಕಾದೆ. ಫೋನಲ್ಲಿ ಯಾವಾಗ್ ಬರ್ತೀಯ, ಯಾವಾಗ್ ಬರ್ತೀಯ ಅಂತಿದ್ದೆ. ನಾನೇ ಬರ್ತೀನಿ ಕಣೆ ಅಂತ ಒಂದ್ ದಿನ ಅಂದ್ಯಾ? ಭದ್ರಾವತಿಯಿಂದ ಹೊಸಮನೆಗೂ ಅಷ್ಟೇ ದೂರ ಅಲ್ವಾ ಅಕ್ಕ?"

ಮೂರು ವಾರದಿಂದ ಧನಲಕ್ಷ್ಮಿ ದಿನಕ್ಕೆ ಮೂರು ಸಲ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದಳು. ಕಾಫಿ ಕುಡಿದು ತಿರುಗಿ ಬಸ್ಸು ಹತ್ತಿದ್ದಳು. ಒಂದು ಸಲವಾದರೂ ಆಟೋ ಹಿಡಿದಿದ್ದಳೇ? ಚಿಕ್ಕವಳು ತಾನೇ ಬರಬೇಕು ಎಂದು ದೊಡ್ಡಸ್ತಿಕೆ ಮಾಡಿಕೊಂಡು ಕೂತಿದ್ದಳು, ಪುಣ್ಯಾತ್ಗಿತ್ತಿ.

"ಮಕ್ಕಳು ಕಾಯ್ತಿರ್ತಾರೆ" ಎಂದು ಜಯಾ ಹೊಲಿಗೆ ಕ್ಲಾಸಿನ ಕಡೆಗೆ ನಡೆದಳು.

ಜಯಾ ಪಾಠ ಮುಗಿಸಿ ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ತಾನಿರಬೇಕೆಂದು ಧನಲಕ್ಷ್ಮಿ ಶಿವಮೊಗ್ಗದ ಮುಂದಿನ ಬಸ್ಸು ಹತ್ತಿದಳು. ಆ ಸಲ ಯಾರನ್ನೂ ಏನೂ ಕೇಳಲಿಲ್ಲ. ಮಾಚೇನಹಳ್ಳಿಯಲ್ಲಿ ಫ್ಯಾಕ್ಟರಿಯವರು ಹತ್ತಿ ಬಸ್ಸು ತುಂಬಿತು. ಶಿವಮೊಗ್ಗದಲ್ಲಿ ಇಳಿದವಳೇ ಆಟೋಗೆ ಕೈ ಮಾಡಿ "ಹೊಸಮನೆ" ಎಂದಳು.

"ಎಷ್ಟನೇ ಕ್ರಾಸ್ ಅಕ್ಕಾ?" ಎಂದ ಡ್ರೈವರ್ ಹಮೀದ್.

ಅವಳಿಗೆ ಗೊತ್ತಿರಲಿಲ್ಲ. ಜಯಾ ಆ ಮನೆಗೆ ಬಂದು ಮೂರು ವರ್ಷವಾಗಿತ್ತು, ಹೊಸಮನೆ ಎನ್ನುವುದರಾಚೆ ಅಕ್ಕ ಕೇಳಿರಲಿಲ್ಲ. ಆಟೋ ಪಕ್ಕದಲ್ಲೇ ನಿಂತು ಫೋನ್ ಮಾಡಿದಳು. ಆ ಕಡೆ ಹೊಲಿಗೆ ಮಿಷನ್ನುಗಳ ಸದ್ದು.

"ಜಯಾ, ನಿಮ್ಮನೆ ಎಷ್ಟನೇ ಕ್ರಾಸು?"

"ಇವತ್ತು ಬೇಡ ಅಕ್ಕ" ಎಂದಳು ಜಯಾ. ಸಿಟ್ಟಿನಿಂದ ಅನ್ನಲಿಲ್ಲ. ಟೈಮಿಲ್ಲ ಎಂದೂ ಅನ್ನಲಿಲ್ಲ.

"ಆಯ್ತು. ಇವತ್ತು ಬರಲ್ಲ. ಎಷ್ಟನೇ ಕ್ರಾಸು ಅಷ್ಟು ಹೇಳು."

"ಮೂರನೇದು. ಹಾಲಿನ ಬೂತ್ ಎದುರಿಗೆ."

ಧನಲಕ್ಷ್ಮಿ ಹಮೀದನಿಗೆ ಬೇಡ ಎಂದು ಕೈಯಾಡಿಸಿದಳು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು, ಚೀಲದಿಂದ ಪೆನ್ನು ತೆಗೆದು, ಮೂರನೇ ಕ್ರಾಸ್, ಹಾಲಿನ ಬೂತ್ ಎದುರು ಎಂದು ಅಂಗೈ ಮೇಲೆ ಬರೆದುಕೊಂಡಳು. ಭದ್ರಾವತಿಗೆ ಹೋಗುವ ಬಸ್ಸು ಬಂದು ಹೋಯಿತು. ಅವಳು ಏಳಲಿಲ್ಲ.