ನಾಲ್ಕನೇ ತೊಟ್ಟಿ

"ಥೂ, ಆ ಕೈ ಸೆರಗಿನೊಳಗೆ ಇಟ್ಕೊಳೇ. ಬಂದೋರು ನೋಡಿದ್ರೆ ತಿಂದಿದ್ದು ಕಕ್ಕೊಂಡ್ಬಿಡ್ತಾರೆ."

ಸೂಪರ್‌ವೈಸರ್ ಬೈದದ್ದು ನನ್ನ ಅಕ್ಕನಿಗೆ. ಅವಳು ಆಗಷ್ಟೇ ನಾಲ್ಕನೇ ತೊಟ್ಟಿಯಿಂದ ಹತ್ತಿ ಬಂದಿದ್ದಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರು ಅಲ್ಲಿ ತಂಗಿ, ತಳದಲ್ಲಿ ಕೆಸರು ಕೂರುತ್ತದೆ. ಅದನ್ನು ಬಾಚಿ ತೆಗೆದರೆ ಪಕ್ಕದ ಇಟ್ಟಿಗೆ ಕಾರ್ಖಾನೆಗೆ ಹೋಗುತ್ತದೆ. ಒಬ್ಬರ ಕಸ ಇನ್ನೊಬ್ಬರಿಗೆ ಕಚ್ಚಾಮಾಲು, ಇಡೀ ಸೀಮೆಗೆ ಇದೇ ಹಸಿರು ಮಾದರಿ ಎಂದು ಗೇಟಿನ ಬೋರ್ಡು ಹೇಳುತ್ತದೆ. ಮೂರು ವರ್ಷದಲ್ಲಿ ಅಕ್ಕನ ಅಂಗೈ ಸುಲಿದು, ಉಗುರುಗಳು ಕಪ್ಪಾಗಿ ಉದುರಿದ್ದವು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದ್ದು ಅವೇ ಕೈಗಳು.

ಓದಿದವನೆಂದು ನನಗೆ ಹಸಿರು ಅಂಗಿ ತೊಡಿಸಿ, ಈ ಮಾದರಿ ನೋಡಲು ಬರುವವರಿಗೆ ವಿವರಿಸುವ ಕೆಲಸ ಕೊಟ್ಟಿದ್ದರು. ಅವರ ಕಣ್ಣಿಗೆ ಬೀಳದ ಹಾಗೆ ಅಕ್ಕನನ್ನೂ ತೊಟ್ಟಿಗಿಳಿಯುವ ಉಳಿದ ಹೆಂಗಸರನ್ನೂ ತಗಡಿನ ಶೆಡ್ಡಿಗೆ ತಳ್ಳಿದರು.

"ಚಿಲಕ ಹಾಕೋ," ಎಂದ ಸೂಪರ್‌ವೈಸರ್.

ಹಾಕಿದೆ.

ಎಂಟು ಜನ ಬಂದರು. ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ತೊಟ್ಟಿಯೊಳಗೆ ಬಗ್ಗಿ ನೋಡಿ, "ಈ ಕೆಸರು ತೆಗೆಯೋರು ಯಾರು?" ಎಂದರು.

"ಯಾರೂ ಇಳಿಯಲ್ಲ ಮೇಡಂ. ಮಷೀನ್ ತೆಗೆಯುತ್ತೆ."

ಕಲಿಸಿದ ಮಾತನ್ನು ಗಿಳಿಯ ಹಾಗೆ ಒಪ್ಪಿಸಿದೆ. ಹಿಂದೆ ಶೆಡ್ಡಿನಲ್ಲಿ ಧಡ್ ಧಡ್ ಎಂದು ಒದೆಯುವ ಸದ್ದು. ತಗಡಿನ ಬಾಗಿಲು ಚಿಲಕ ಸಮೇತ ಕಿತ್ತು ಬಿತ್ತು. ಅಕ್ಕ ನೇರವಾಗಿ ಬಂದು ಎರಡೂ ಕೈ ಚಾಚಿದಳು.

"ನಾನೇ ಮೇಡಂ ಆ ಮಷೀನು."

"ಯಾವಳೋ ಹುಚ್ಚುಮುಂಡೆ. ನೀವು ಈ ಕಡೆ ಬನ್ನಿ ಮೇಡಂ," ಎಂದು ಸೂಪರ್‌ವೈಸರ್ ನಕ್ಕ.

ಕನ್ನಡಕದ ಹೆಂಗಸು ನನ್ನತ್ತ ತಿರುಗಿದರು. "ಇವರು ನಿಮಗೆ ಗೊತ್ತಾ?"

ಹಸಿರು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಅವನನ್ನ ಕೇಳ್ಬೇಡಿ," ಎಂದಳು ಅಕ್ಕ. "ಪಾಪ, ಈಗಷ್ಟೇ ಕೆಲಸ ಸಿಕ್ಕಿದೆ ಅವನಿಗೆ."

ಕ್ಯಾಕರಿಸಿ ಮುಖಕ್ಕೆ ಉಗಿದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅವಳು ಸೀರೆ ಎತ್ತಿ ಕಟ್ಟಿ ತೊಟ್ಟಿಯ ಏಣಿ ಇಳಿದಳು. ಬರಿಗೈಯಲ್ಲಿ ನೀಲಿ ಕೆಸರು ಬಾಚಿ, ಬಂದವರ ಬೂಟಿನ ಮುಂದೆ ಎಸೆದಳು. ಮತ್ತೆ ಬಾಚಿದಳು. ಉಳಿದ ಹೆಂಗಸರೂ ಶೆಡ್ಡಿನಿಂದ ಬಂದು ಒಬ್ಬೊಬ್ಬರಾಗಿ ಇಳಿದರು.

"ಏನೋ ನೋಡ್ತೀಯ ಬೋಳಿಮಗನೇ, ಇಳಿದು ಎಳ್ಕೊಂಡು ಬಾ ಅವಳನ್ನ," ಎಂದು ಸೂಪರ್‌ವೈಸರ್ ನನ್ನನ್ನು ನೂಕಿದ.

ಏಣಿಯನ್ನು ಗಟ್ಟಿಯಾಗಿ ಹಿಡಿದೆ. ಎರಡು ಮೆಟ್ಟಿಲು ಇಳಿದು, ಅಲ್ಲೇ ನಿಂತುಬಿಟ್ಟೆ. ಕೆಳಗೆ ಅಕ್ಕ ತಲೆ ಎತ್ತಲಿಲ್ಲ. ನನಗೆ ಜಾಗ ಬಿಟ್ಟು ಸ್ವಲ್ಪ ಸರಿದಳು.